ಸೀಳಿದ ಕಾಫಿ ಬೀಜ

ಇವತ್ತು ನನ್ನ ವರ್ಕ್‌ಶಾಪಿಗೆ ರಿಪೇರಿಗೆ ಬಂದ ಪಲ್ಪರಿನಿಂದ ಹುಳಿ ಹಿಡಿದ ಕಾಫಿ ಸಿಪ್ಪೆಯ ವಾಸನೆ ಮೂಗಿಗೆ ಬಡಿಯಿತು. ಮೂಡಿಗೆರೆ ಹತ್ತಿರದ ಎಸ್ಟೇಟಿನಲ್ಲಿ ಅಪ್ಪ ಓಡಿಸುತ್ತಿದ್ದದ್ದೂ ಹಣ್ಣಿನ ಸಿಪ್ಪೆ ಬಿಡಿಸುವ ಇಂಥದ್ದೇ ಯಂತ್ರ.

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ದಿನಾ ಬಂದು, ಯಂತ್ರದ ಬಳಿ ನನ್ನನ್ನು ಕಂಡು ಅದೇ ರಾಗ ಎಳೆಯುತ್ತಿದ್ದರು: "ಹೆಣ್ಣು ಹುಡುಗಿ ಮಾರಾಯ, ಟೀಚರ್ ಟ್ರೈನಿಂಗಿಗೆ ಹಾಕು. ಗ್ರೀಸ್ ಹತ್ತಿದ ಕೈ ನೋಡಿ ಯಾರು ಮದುವೆ ಆಗ್ತಾರೆ?" ಅಪ್ಪ ಬೀಡಿ ಹಚ್ಚುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಸಂಜೆ ಅವರು ಮಾತಾಡುತ್ತಿರುವಾಗಲೇ ಯಂತ್ರದ ಸದ್ದು ಬದಲಾಯಿತು. ಹೊರಬಂದ ಬೀಜಗಳನ್ನು ಅಂಗೈಗೆ ಹಾಕಿಕೊಂಡು ನೋಡಿದೆ, ಒಂದೊಂದೂ ಸೀಳಿತ್ತು. "ಅಪ್ಪ, ಹಣ್ಣು ಹೋಗೋ ಗ್ಯಾಪ್ ಬಿಗಿ ಆಗಿದೆ" ಎಂದವಳೇ ಯಂತ್ರ ನಿಲ್ಲಿಸಿ, ಸ್ಪ್ಯಾನರ್ ಹಿಡಿದು ಸಡಿಲಿಸಿದೆ. ಮತ್ತೆ ಓಡಿಸಿದಾಗ ಒಂದು ಬೀಜಕ್ಕೂ ಗಾಯವಿರಲಿಲ್ಲ.

ಅಪ್ಪ ಆ ಬೀಜಗಳನ್ನು ಬೊಗಸೆಯಲ್ಲಿ ತಂದು ರೈಟರ ಕೈಗೇ ಸುರಿದ. "ನೋಡಿ ಸಾರ್. ಕಿವಿಯಲ್ಲೇ ಯಂತ್ರದ ರೋಗ ಹಿಡಿಯೋಳನ್ನ ಪಾಠ ಹೇಳೋಕೆ ಯಾಕ್ ಕಳಿಸ್ಲಿ?"

ಇವತ್ತು ಪಲ್ಪರ್ ತಂದ ಬೆಳೆಗಾರರು ಮಗಳನ್ನೂ ಕರೆತಂದಿದ್ದರು. "ಮೆಕ್ಯಾನಿಕಲ್ಲೇ ಓದ್ತೀನಿ ಅಂತಾಳೆ ಮೇಡಂ. ಈ ಕೆಲಸದ ಕಷ್ಟ ನಿಮಗೆ ಗೊತ್ತಲ್ಲ, ನೀವೇ ಸ್ವಲ್ಪ ಬುದ್ಧಿ ಹೇಳಿ."

ಹೇಳಿದೆ, ಅವಳಿಗಲ್ಲ, ಅವರಿಗೆ. ಆಮೇಲೆ ಸ್ಪ್ಯಾನರ್ ಅವಳ ಕೈಗಿಟ್ಟು, ಅವಳ ಅಪ್ಪನಿಗೆ ಹೊರಗಿನ ಬೆಂಚು ತೋರಿಸಿದೆ.