ಜೋಡಿ ದಾರದ ಚೆಂಡು

ಹೆಬ್ಬೆರಳು ಬೇರೆಯಾಗಿ ನಿಲ್ಲುವ ಜಪಾನಿನ ಟಾಬಿ ಕಾಲುಚೀಲ ಹೊಲಿಯುವವರ ಕೈ ಆ ಬೆರಳಿನ ತುದಿಗೆ ಬಂದಾಗ ತಾನಾಗಿಯೇ ದಾರವನ್ನು ಜೋಡಿ ಮಾಡಿಕೊಳ್ಳುತ್ತದೆ. ಒಸಾಕಾದ ಅಂಗಡಿಯೊಂದರಲ್ಲಿ ಇಪ್ಪತ್ತೆರಡು ವರ್ಷ ದುಡಿದ ಶಿಗೆಯನ್ನು ಆ ಅಭ್ಯಾಸ ಬಿಟ್ಟಿರಲಿಲ್ಲ. ಯುದ್ಧ ಬಂದು ಹೊಸ ಚೆಂಡುಗಳು ಬರುವುದು ನಿಂತುಹೋದಾಗ ಬೇಸ್‌ಬಾಲ್ ತಂಡದವರು ಹರಿದವನ್ನೆಲ್ಲ ಅವಳಿಗೆ ಒಪ್ಪಿಸಿದರು. ಪಡಿತರದ ಬಡಕಲು ದಾರವನ್ನು ನಂಬದೆ ಅವಳು ಅವನ್ನೂ ಜೋಡಿ ಎಳೆಯಲ್ಲೇ ಹೊಲಿದಳು.

ಆ ಶರತ್ಕಾಲದ ಮಧ್ಯಾಹ್ನ ಎಸೆತಗಾರ ಸೆಗಾವಾನ ಕೊನೆಯ ಆಟ. ಸೈನ್ಯಕ್ಕೆ ಕರೆಯುವ ಕೆಂಪು ಕಾಗದ ಬಂದಿತ್ತು, ಮರುದಿನವೇ ರೈಲು. ಗೆದ್ದು ಹೋಗಬೇಕೆಂಬುದು ಅವನ ಆಸೆ. ಅವನ ಅಂಗಿಗೆ ತೇಪೆ ಹಾಕುತ್ತ ಬಂದಿದ್ದ ಶಿಗೆಯ ಆಸೆಯೂ ಅದೇ. ಒಂಬತ್ತು ಸುತ್ತುಗಳಲ್ಲಿ ಮುಗಿಯಬೇಕಾಗಿದ್ದ ಆಟ ಹದಿನೈದಾದರೂ ಸೊನ್ನೆಗೆ ಸೊನ್ನೆ. ಇನ್ನು ಬೆಳಕು ಹೋದರೆ ಸಮವೆಂದು ಬರೆದು ಮುಗಿಸುತ್ತಾರೆ. ಜನರೆಲ್ಲ ಎದ್ದು ನಿಂತಿದ್ದರು.

"ಛಲ ಅಂದ್ರೆ ಇದು," ಎಂದ ತಂಡದ ಬೆಂಚಿನಲ್ಲಿ ಶಿಗೆಯ ಪಕ್ಕದಲ್ಲಿದ್ದ ತರಬೇತುದಾರ ಮುರೋತಾ. "ಎರಡೂ ಕಡೆಯೋರು ಒಂದಿಂಚು ಬಗ್ತಿಲ್ಲ."

ಶಿಗೆಗೆ ಅನುಮಾನ. ಛಲ ಎಸೆಯುವವನಿಗೆ ಮಾತ್ರ ಇದ್ದು ಹೊಡೆಯುವವನಿಗೆ ಇರದೆ ಹೋಗುವುದುಂಟೆ? ಪ್ರೇಕ್ಷಕರು ಯುದ್ಧಕಾಲದ ನಿಯಮದಂತೆ ಹಿಂದಿರುಗಿಸಿದ್ದ ಚೆಂಡೊಂದರ ಮೇಲೆ ಅವಳು ಬೆರಳಾಡಿಸಿದಳು. ಹೊಲಿಗೆ ಗದ್ದೆಯ ಬದುವಿನಂತೆ ಉಬ್ಬಿತ್ತು. ಉಬ್ಬಿದ ಹೊಲಿಗೆ ಗಾಳಿಯನ್ನು ಹಿಡಿಯುತ್ತದೆ, ಚೆಂಡು ಬಾಗಿ ದಾಂಡಿಗೆ ಸಿಗದೆ ಹೋಗುತ್ತದೆ. ಇಬ್ಬರು ಎಸೆತಗಾರರಿಗೂ ಸಿಕ್ಕುತ್ತಿದ್ದುದು ಅವಳು ಹೊಲಿದ ಚೆಂಡೇ.

"ನಿಮ್ಮ ಛಲ ಒಂದು ಮಾರು ದಾರ ಅಷ್ಟೇ, ಮುರೋತಾ ಸಾನ್."

"ಸೂಜಿ ಹಿಡಿದೋರಿಗೆ ಲೋಕ ಎಲ್ಲಾ ದಾರಾನೇ ಬಿಡಿ."

ಅಷ್ಟರಲ್ಲಿ ಹದಿನಾರನೆಯ ಸುತ್ತಿನ ಮೊದಲ ಎಸೆತಕ್ಕೇ ಆಟದ ಚೆಂಡು ಗೆರೆಯ ಹೊರಗೆ ಸಿಡಿದು ಗೋಡೆ ಹಾರಿ ಕಾಲುವೆಗೆ ಬಿತ್ತು. ಬೇರೆ ಉಳಿದಿರಲಿಲ್ಲ. ಶಿಗೆಯ ಮಡಿಲಲ್ಲಿದ್ದುದರ ಹೊಲಿಗೆಯೂ ಬಿರಿದಿತ್ತು. ಅಂಪೈರ್ ನೇರ ಅವಳ ಬಳಿ ಬಂದ. "ಬಿಸಿಲು ಆ ಅಂಕದ ಹಲಗೆ ದಾಟೋ ತನಕ ಕಾಯ್ತೀನಿ, ಅಮ್ಮ. ಆಮೇಲೆ ಸಮ."

ಹಳೆಯ ದಾರ ಬಿಚ್ಚಿದಳು. ಉಂಡೆಯಲ್ಲಿ ಮಿಕ್ಕಿದ್ದುದು ಒಂಟಿ ಎಳೆಗೆ ಸಾಲುವಷ್ಟೇ. ಕೈ ಎರಡು ಸಲ ಜೋಡಿ ಮಾಡಲು ಹೋಯಿತು; ಎರಡು ಸಲವೂ ತಡೆದಳು. ಬಿಸಿಲು ಹಲಗೆಯ ಅಂಚಿಗೆ ಬಂದಾಗ ಕೊನೆಯ ಗಂಟು ಹಾಕಿ ದಾರವನ್ನು ಹಲ್ಲಿನಿಂದ ಕಡಿದಳು.

ಎದುರಾಳಿಗಳು ಮೊದಲು ಹೊಡೆಯುವ ಸರದಿ.

"ಒಂಟಿ ದಾರ ಕಣಪ್ಪ," ಎಂದಳು ಸೆಗಾವಾನಿಗೆ. "ಬಾಗಲ್ಲ ಇದು."

ಅವನು ಹೆಬ್ಬೆರಳಿನಿಂದ ಸವರಿ ನೋಡಿದ. "ಬೋಳು ಸನ್ಯಾಸಿ ತಲೆ ಇದ್ದ ಹಾಗಿದೆ. ಇರಲಿ ಅಕ್ಕ, ನೇರ ಎಸೀತೀನಿ. ಅವರಿಗೂ ಇದೇ ತಾನೆ?"

ಮೊದಲ ಏಟು ಗುಡುಗಿತು. ಆಟಗಾರನೊಬ್ಬ ಬೇಲಿಗೆ ಬೆನ್ನು ತಾಗುವಲ್ಲಿ ಹಿಡಿದ. ಎರಡನೆಯದೂ ಬೇಲಿಯ ಬುಡದಲ್ಲೇ ಕೈಗೆ ಬಿತ್ತು. ಮೂರನೆಯದು ಸೆಗಾವಾನ ಎದೆಗೇ ನುಗ್ಗಿತು. ಅವನು ಅದನ್ನು ಅಪ್ಪಿಕೊಂಡಂತೆ ಹಿಡಿದು ಕುಸಿದು ಕೂತ. ಮೂವರೂ ಔಟಾಗಿ ಸರದಿ ಬದಲಾಯಿತು.

ಈಗ ಅದೇ ಬೋಳು ಚೆಂಡು ಎದುರಾಳಿ ಎಸೆತಗಾರನ ಕೈಗೆ. ಅವನನ್ನು ಯಾರೂ ಎಚ್ಚರಿಸಿರಲಿಲ್ಲ. ಬಾಗುತ್ತದೆಂದು ನಂಬಿ ಎಸೆದ. ಅದು ನೆಟ್ಟಗೆ ನಡುವಿಗೇ ಬಂತು. ದಾಂಡು ಹಿಡಿದು ನಿಂತಿದ್ದವನು ಸೆಗಾವಾ. ಏಟಿನ ಸದ್ದಿಗೆ ಇಡೀ ಮೈದಾನ ಒಂದೇ ಕೊರಳಾಯಿತು. ಚೆಂಡು ಬೇಲಿಯಾಚೆಯ ಜನರ ನಡುವೆ ಬಿತ್ತು.

ಒಂದು, ಸೊನ್ನೆ. ಅಲ್ಲಿಗೆ ಆಟ ಮುಗಿಯಿತು.

ಚೆಂಡು ಹಿಡಿದವನು ನಿಯಮದಂತೆ ಅದನ್ನು ಮರಳಿ ಎಸೆದ. ನೆನಪಿಗೆ ಇಟ್ಟುಕೋ ಎಂದು ಗೆಳೆಯರು ಸೆಗಾವಾನ ಕೈಗಿತ್ತರು. ಅವನು ಅದನ್ನು ಶಿಗೆಯ ಮಡಿಲಿಗೆ ಹಾಕಿದ.

"ಗೆಲುವು ನನಗಿರಲಿ. ಚೆಂಡು ಶನಿವಾರದ ಆಟಕ್ಕೆ ಬೇಕಲ್ಲ. ದಾರ ಸಿಕ್ಕಮೇಲೆ ಜೋಡಿ ಎಳೇಲಿ ಹೊಲಿ, ಅಕ್ಕ."

ಅವಳು ತಲೆ ತಗ್ಗಿಸಿ, ಕತ್ತರಿಯ ತುದಿಯಿಂದ ಮೊದಲ ಹೊಲಿಗೆ ಬಿಚ್ಚಿದಳು.