ಅವನ ಹುಕುಂ, ನನ್ನ ಕೋಣೆ

ಈ ಕೋಣೆ ನನ್ನದಾದದ್ದು ಹೇಗೆಂದು ಕೇಳಿದವರಿಗೆಲ್ಲ ಹೇಳಿ ಹೇಳಿ ಬೇಜಾರಾಗಿದೆ. ಆದರೂ ಒಂದು ಸಲ ನೆಟ್ಟಗೆ ಹೇಳಿಬಿಡುತ್ತೇನೆ.

ಶಹಾಬಾದದಲ್ಲಿ ನಮ್ಮಪ್ಪ ಕಟ್ಟಿದ ಮನೆಗೆ ಮೂರು ಕೋಣೆ, ಒಂದರ ಹಿಂದೆ ಒಂದು. ನೆಲ, ಗೋಡೆ, ಮಾಳಿಗೆ ಎಲ್ಲ ಕಲ್ಲೇ. ಬೇಸಿಗೆಯಲ್ಲಿ ಒಲೆಯೊಳಗೆ ಕೂತ ಹಾಗೆ. ಬೀದಿ ಬಾಗಿಲ ಮೇಲಿನ ಕಲ್ಲಿನಲ್ಲಿ ಅಪ್ಪ ತಾನೇ ಉಳಿ ಹಿಡಿದು ಅರಬ್ಬಿಯಲ್ಲಿ ಒಂದು ಸಾಲು ಕೊರೆದಿದ್ದ: ಒಡೆತನ ಅಲ್ಲಾಹನದು. ಜೀವಮಾನವೆಲ್ಲ ಮಂದಿಯ ಮನೆಗೆ ಕಲ್ಲು ಕಡಿದು ಕೊಟ್ಟವನು ತನ್ನ ಮನೆಗೆ ತನ್ನ ಹೆಸರು ಹಾಕಿಕೊಳ್ಳಲಿಲ್ಲ. "ನಾವು ಬಾಡಿಗಿ ಮಂದಿ. ಮಾಲಕ ಮ್ಯಾಲ ಅದಾನ. ಖಾಲಿ ಮಾಡು ಅಂದ ದಿನ ಗಪ್‌ಚಿಪ್ ಎದ್ದು ಹೋಗಬೇಕು" ಎನ್ನುತ್ತಿದ್ದ. ಹಾಗೆಯೇ ಹೋದ. ಒಂದು ಮಧ್ಯಾಹ್ನ ಚಹಾ ಮಾಡು ಅಂದವನು, ಚಹಾ ಬರುವುದರೊಳಗೆ.

ಚಿಂಚೋಳಿಯಲ್ಲಿ ಗಂಡ ತೀರಿಕೊಂಡ ಮೇಲೆ ನಾನು ಅಪ್ಪನ ಮನೆಗೇ ಬಂದಿದ್ದೆ. ಅಮ್ಮ ಅದಕ್ಕೂ ಮೊದಲೇ ಹೋಗಿದ್ದಳು. ಬೀದಿ ಕಡೆಯ ಕೋಣೆಯಲ್ಲಿ ಅಪ್ಪನ ಹೊರಸು, ನನ್ನ ಹೊಲಿಗೆ ಯಂತ್ರ. ಹಿಂದಿನ ಎರಡು ಕೋಣೆಯಲ್ಲಿ ಅಣ್ಣನ ಸಂಸಾರ. ಅಣ್ಣ ವಾಡಿಯಲ್ಲಿ ಸಿಮೆಂಟ್ ಕೆಲಸಕ್ಕೆ ಹೋಗುತ್ತಾನೆ. ಕೆಟ್ಟವನಲ್ಲ, ನಮಾಜು ತಪ್ಪಿಸಿದವನಲ್ಲ. ಏನಾದರೂ ಅಣ್ಣನ ಬಾಯಲ್ಲಿ ಒಂದೇ ಮಾತು: ಅವನ ಹುಕುಂ, ಮೇಲಿನವನ ಅಪ್ಪಣೆ. ಬಸ್ಸು ತಪ್ಪಿದರೆ ಅವನ ಹುಕುಂ, ಹಾಲು ಒಡೆದರೆ ಅವನ ಹುಕುಂ. "ಹಾಲು ಕಾಸೋದು ಮರತಾಂವ ನೀನು, ಅದರಾಗ ಅವಂದೇನದ?" ಎಂದರೆ ನಗುತ್ತಿದ್ದ. ಆಗ ನಗುತ್ತಿದ್ದ.

ಅಪ್ಪ ತೀರಿದ ನಲವತ್ತನೆಯ ದಿನದ ಊಟ ಮುಗಿದ ಮೇಲೆ ಅಣ್ಣ ಮಾತು ತೆಗೆದ. ಬೀದಿ ಕಡೆಯ ಕೋಣೆ ಒಡೆದು ಅಂಗಡಿ ಎಬ್ಬಿಸಿ ಬಾಡಿಗೆಗೆ ಕೊಡುತ್ತಾನಂತೆ. ನನ್ನ ಹಾಸಿಗೆ ಅಡುಗೆ ಒಲೆಯ ಪಕ್ಕಕ್ಕಂತೆ. "ನನ್ನ ಪಾಲು ಮಾಫ್ ಮಾಡೀನಿ ಅಂತ ನಾಕು ಮಂದಿ ಎದುರಿಗೆ ಹೇಳಿಬಿಡು, ಸಾಕು."

ನಮ್ಮ ಕಡೆ ಇದೇ ವಾಡಿಕೆ. ಅಪ್ಪ ಸತ್ತ ಮೇಲೆ ಹೆಣ್ಣುಮಕ್ಕಳು ತಮ್ಮ ಪಾಲು ಬಿಟ್ಟುಕೊಡುತ್ತಾರೆ. ಬದಲಿಗೆ ಹಬ್ಬಕ್ಕೊಂದು ಕರೆ, ಒಂದು ಸೀರೆ. ಪಕ್ಕದ ಮನೆಯ ಗೌಡತಿಯೂ ಹೊಲದ ಪಾಲು ತಮ್ಮಂದಿರಿಗೆ ಬಿಟ್ಟವಳೇ. "ಪಾಲು ಕೇಳಿದ್ರ ತವರು ಸಾಯ್ತದವಾ" ಎಂದು ನನ್ನ ಕೈ ಹಿಡಿದು ಹೇಳಿದಳು. ಈ ವಿಷಯದಲ್ಲಿ ಎಲ್ಲ ಧರ್ಮದವರೂ ಒಂದೇ, ನೋಡಿ.

ಮನೆಯೊಳಗೆ ನಮ್ಮ ಮಾತು ಉರ್ದು. ಜಗಳ ಮಾತ್ರ ಕನ್ನಡದಲ್ಲಿ, ಓಣಿಗೆಲ್ಲ ತಿಳಿಯಲಿ ಎಂದೋ ಏನೋ.

"ನಿನಗ್ಯಾಕ ಬೇಕು ಒಡೆತನ? ಬಾಗಲಾ ಮ್ಯಾಲ ಅಪ್ಪ ಏನ್ ಬರದಾನ ಓದಿಲ್ಲೇನು?" ಎಂದ ಅಣ್ಣ.

ಸಿಟ್ಟು ನೆತ್ತಿಗೇರಿತು. "ಓದೀನಪಾ, ದಿನಾ ಅದರ ಕೆಳಗ ಕಸಾ ಹೊಡಿಯಾಕಿ ನಾನು. ಒಡಿಯಾ ಅವನ ಅಂದಮ್ಯಾಲ ಹಂಚಾಂವನೂ ಅವನ. ಮಗನಿಗೆ ಎರಡು, ಮಗಳಿಗೆ ಒಂದು ಅಂತ ಕುರಾನಿನಾಗ ಹಂಚ್ಯಾನ. ಮೂರು ಕೋಣಿ ಅವ. ನಿನ್ನ ಎರಡು ನೀ ತಗೋ, ನಂದೊಂದು ನನಗ ಬಿಡು. ಹೇಳೋದು ಆಚಾರ, ತಿನ್ನೋದು ಬದನಿಕಾಯಿ!"

ನನಗೆ ಬುದ್ಧಿ ಹೇಳಿಸಲು ಮಸೀದಿಯ ಹಿರಿಯರನ್ನು ಕರೆತಂದ. ಅವರು ಕಟ್ಟೆಯ ಮೇಲೆ ಕೂತು ಇಬ್ಬರ ಮಾತನ್ನೂ ಕೇಳಿ, ಬೆವರು ಒರೆಸಿಕೊಂಡರು. "ಆಕಿ ತಾನಾಗಿ ಬಿಟ್ರ ಅದು ಆಕಿ ದೊಡ್ಡ ಮನಸು. ಬೇಕು ಅಂದ್ರ ಕೊಡಬೇಕು. ಇದರಾಗ ನಿಂದೂ ನಡಿಯಲ್ಲ, ನಂದೂ ನಡಿಯಲ್ಲ" ಎಂದು ಎದ್ದೇಬಿಟ್ಟರು.

ಬಸ್ಸು, ಹಾಲಿನ ವಿಷಯದಲ್ಲಿ ದೇವರನ್ನು ದೊರೆ ಎನ್ನುವುದು ಸುಲಭ. ಅದು ಆಗಿಹೋದದ್ದು. ಮುಷ್ಟಿಯಲ್ಲಿರುವುದನ್ನು ಬಿಡು ಅಂದಾಗ ಗೊತ್ತಾಗುತ್ತದೆ, ಅವನು ನಿಜಕ್ಕೂ ನಮ್ಮ ದೊರೆಯೋ ಅಲ್ಲವೋ ಎಂದು. ಅಣ್ಣನಿಗೆ ಮಾತ್ರವಲ್ಲ. ಅಪ್ಪನ ಉಚ್ಚೆ ಬಟ್ಟೆ ಒಗೆದವಳು ನಾನು, ನನಗ್ಯಾಕೆ ಒಂದೇ ಪಾಲು ಎಂದು ನನ್ನ ಹೊಟ್ಟೆಯೂ ಉರಿದಿತ್ತು. ಬಾಯಿ ಮುಚ್ಚಿಕೊಂಡೆ. ಹುಕುಂ ಅಂದಮೇಲೆ ಎರಡೂ ಕಡೆಗೆ ಹುಕುಮೇ.

ಅಣ್ಣ ಕೋಣೆ ಬಿಟ್ಟುಕೊಟ್ಟ. ನಡುವಿನ ಬಾಗಿಲಿಗೆ ಕಲ್ಲು ಜೋಡಿಸಿ ಮುಚ್ಚಿಸಿದ, ಹಿಂದಿನ ಓಣಿಗೆ ಬೇರೆ ಬಾಗಿಲು ತೆಗೆಸಿಕೊಂಡ. ಗೋಡೆಯಾಚೆ ಅವನು ಕೆಮ್ಮುವುದು ಕೇಳುತ್ತದೆ. ನನ್ನ ಯಂತ್ರದ ಸದ್ದು ಅವನಿಗೂ ಕೇಳುತ್ತಿರಬೇಕು. ಮಾತಿಲ್ಲ. ಗೆದ್ದೆಯಲ್ಲ ಎನ್ನುತ್ತಾರೆ ಮಂದಿ. ಯಾ ಅಲ್ಲಾ, ಇದಕ್ಕೆ ಗೆಲುವು ಅಂತಾರೇನು?

ಬಕ್ರೀದಿನ ಕುರ್ಬಾನಿ ಮಾಂಸವನ್ನು ನಾವು ಮೂರು ಪಾಲು ಮಾಡುತ್ತೇವೆ: ಮನೆಗೊಂದು, ನೆಂಟರಿಗೊಂದು, ಬಡವರಿಗೊಂದು. ನೆಂಟರದು ಸ್ಟೀಲ್ ಡಬ್ಬಿಯಲ್ಲಿ ಹೋಗುತ್ತದೆ. ಕೊಟ್ಟವರು ಕೂತು ಚಹಾ ಕುಡಿದು ಬರುತ್ತಾರೆ. ಬಡವರದು ಪ್ಲಾಸ್ಟಿಕ್ ಚೀಲದಲ್ಲಿ, ಬಾಗಿಲಲ್ಲೇ. ನಾನು ಚಿಂಚೋಳಿಯಲ್ಲಿದ್ದಷ್ಟು ವರ್ಷವೂ ಅಣ್ಣ ಡಬ್ಬಿ ಹಿಡಿದು ಬಸ್ಸು ಹತ್ತಿ ಬರುತ್ತಿದ್ದ.

ಈ ಸಲ ಬಕ್ರೀದಿಗೆ ಬೆಳಿಗ್ಗೆಯಿಂದ ಒಲೆ ಮುಂದೆ, ಬಾಗಿಲ ಮುಂದೆ ಓಡಾಡಿದೆ. ಹಬ್ಬಕ್ಕಾದರೂ ಬಂದಾನು ಅಂತ. ಬಂದ. ಕೈಯಲ್ಲಿ ಚೀಲಗಳಿದ್ದವು. ಓಣಿಯ ವಿಧವೆಯರ ಮನೆಗೆಲ್ಲ ಒಂದೊಂದು ಕೊಡುತ್ತ ಬಂದು, ನನ್ನ ಮುಂದೆಯೂ ಒಂದು ಚಾಚಿದ.

"ಅಣ್ಣಾ, ಇದು ಯಾವ ಪಾಲು?"

ಅವನು ತಲೆ ತಗ್ಗಿಸಿ ಚೀಲದ ಗಂಟು ಬಿಗಿಮಾಡಿದ.

"ನೆಂಟರದಾದ್ರ ಒಳಗ ಬಾ, ಕುಂದ್ರು, ಚಹಾ ಇಟ್ಟೀನಿ. ಬಡವರದಾದ್ರ ಅಲ್ಲೇ ಇಟ್ಟು ಹೋಗು. ಅದೂ ಅವನ ಹುಕುಂ ಅಂತ ತಗೋತೀನಿ."

ಅವನು ತಲೆ ಎತ್ತಿದ. ನನ್ನನ್ನು ನೋಡುತ್ತಾನೆ ಅಂದುಕೊಂಡೆ. ನೋಡಿದ್ದು ಬಾಗಿಲ ಮೇಲಿನ ಕಲ್ಲನ್ನು. ಆಮೇಲೆ ಬಗ್ಗಿ, ಚೀಲ ಕಟ್ಟೆಯ ಮೇಲಿಟ್ಟು ಹೋದ.

ಇಬ್ಬರಿಗೆಂದು ಇಟ್ಟ ಚಹಾ ನಾನೊಬ್ಬಳೇ ಕುಡಿದೆ.