ಚಿಕ್ಕವ್ವನ ಗಚ್ಚಿನ ಕವಚ

ಇದರಲ್ಲಿ ಕೆಲವು ವಿವರಗಳು ನನ್ನ ನೆನಪಿನಲ್ಲಿ ತಪ್ಪಾಗಿ ಉಳಿದಿರಬಹುದು. ಆಗ ನಿಜಾಮರ ಕಾಲ, ನನಗೆ ಏಳೋ ಎಂಟೋ ವರ್ಷ. ಜಹೀರಾಬಾದಿನ ದವಾಖಾನೆ ಎಂಬುದು ಮಾತ್ರ ಖಚಿತ. ನಾರಾಯಣಖೇಡದಿಂದ ಎತ್ತಿನ ಗಾಡಿಯಲ್ಲಿ ಚಿಕ್ಕವ್ವನನ್ನು ಮಲಗಿಸಿಕೊಂಡು ಹೋಗಿದ್ದೆವು.

ಅವಳು ನನ್ನ ತಾಯಿಯ ತಂಗಿ. ಬೆನ್ನುಮೂಳೆಗೆ ಕ್ಷಯ ತಗುಲಿ ಬೆನ್ನು ಗೂನಾಗತೊಡಗಿತ್ತು. ತಾಂಡೂರಿನ ಗಂಡನ ಮನೆಯವರು ಅವಳನ್ನು ತವರಿಗೆ ತಂದು ಬಿಟ್ಟು, "ನೆಟ್ಟಗ ನಿಂತ್ರ ಕಳಸ್ರಿ" ಎಂದು ಹೋಗಿದ್ದರು. ಅವಳ ಮಗಳು, ಇನ್ನೂ ತೊದಲುವ ಕೂಸು, ತಾಂಡೂರಿನಲ್ಲೇ ಉಳಿದಿತ್ತು.

ಹೈದರಾಬಾದಿನಿಂದ ಬಂದಿದ್ದ ಡಾಕ್ಟರು ಇಂಥ ಬೆನ್ನುಗಳನ್ನೇ ಅಭ್ಯಾಸ ಮಾಡುತ್ತಿದ್ದರು. ಎದೆಯಿಂದ ಸೊಂಟದವರೆಗೆ ಪ್ಲಾಸ್ಟರಿನ ಕವಚ ಹಾಕಿ ತಿಂಗಳುಗಟ್ಟಲೆ ಮಲಗಿಸಿದರೆ ಬಾಗುವುದು ನಿಂತೀತೇ ಎಂದು ನೋಡುತ್ತಿದ್ದರು. ನಿಲ್ಲುತ್ತದೆ ಎಂದು ಅವರೂ ಹೇಳಲಿಲ್ಲ.

"ಗ್ವಾಡಿಗೆ ಹಚ್ಚೋ ಗಚ್ಚು ಹೆಣ್ಮಗಳಿಗೆ ಹಚ್ತಾರೇನ್ರಿ?" ಜೊತೆಗೆ ಬಂದಿದ್ದ ಅಜ್ಜಿ, ಚಿಕ್ಕವ್ವನ ತಾಯಿ, ಕೇಳಿದಳು.

"ಗ್ವಾಡಿ ವಾಲಿದ್ರ ಆಸರ ಕೊಡಲ್ಲೇನ್ ಆಯಿ?" ಕಂಪೌಂಡರ್ ನಕ್ಕ. "ಆದ್ರ ಕೊರಳಾಗಿನ ಲಿಂಗ ತೆಗದು ಕೈಗೆ ಕಟ್ರಿ. ಒಳಗ ಏನೂ ಇರಬಾರ್ದಂತ."

"ಆತು" ಎಂದಳು ಅಜ್ಜಿ.

ಪರದೆಯ ಹಿಂದೆ, ಪ್ಲಾಸ್ಟರಿನ ಕೆಳಗಿರಬೇಕಾದ ಬನೀನು ತೊಡಿಸಿದವಳು ಅವಳೇ. ನೋಡಿದವರು ಲಿಂಗವೆಂದುಕೊಳ್ಳಲಿ ಎಂದು ಚಿಕ್ಕವ್ವನ ರಟ್ಟೆಗೆ ಬರೀ ಬಟ್ಟೆಯ ಗಂಟು ಕಟ್ಟಿದಳು. "ಎದಿ ಮ್ಯಾಲಿಂದು ಎದಿ ಮ್ಯಾಲೇ ಇರ್ಲಿ" ಎಂದು ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ಬನೀನಿನ ಒಳಗೇ ಬಿಟ್ಟಳು. ಇದನ್ನು ನಾನು ಕಂಡೆನೋ, ಆಮೇಲೆ ಕೇಳಿದ್ದನ್ನು ಕಂಡಂತೆ ಮಾಡಿಕೊಂಡೆನೋ ಹೇಳಲಾರೆ. ಡಾಕ್ಟರು ಒಳಗೆ ಬಂದು ಅದರ ಮೇಲೆಯೇ ಒದ್ದೆ ಪ್ಲಾಸ್ಟರು ಸುತ್ತಿದರು.

ಊರಿಗೆ ಮರಳಿದ ಮೇಲೆ ಚಿಕ್ಕವ್ವ ಅಲುಗದೆ ಮಲಗಿದಳು. ವಾರಗಳು ಕಳೆದವು. ಒಂದು ದಿನ ಕವಚದೊಳಗಿಂದ ವಾಸನೆ ಬಂತು. ಮತ್ತೆ ಜಹೀರಾಬಾದಿಗೆ ಒಯ್ದೆವು. ಕವಚ ಕೊಯ್ದು ತೆಗೆದಾಗ ಕರಡಿಗೆ ಎದೆಯ ಮಾಂಸದೊಳಗೆ ಇಳಿದಿತ್ತು. ಡಾಕ್ಟರು ಬೈಯಲಿಲ್ಲ. ಉರ್ದುವಿನಲ್ಲಿ ಏನೋ ಹೇಳಿ ಕೈ ತೊಳೆಯಲು ಹೋದರು.

"ಹುಣ್ಣು ಮಾಯೋತನಕ ಮತ್ತ ಹಾಕಾಕ ಬರಲ್ಲ," ಕಂಪೌಂಡರ್ ಹೇಳಿದ. "ಸಾಹೇಬ್ರ ಪರೀಕ್ಷಾದಾಗ ಇನ್ ಈಕಿ ಇಲ್ಲ."

ಹುಣ್ಣು ಮಾಯುವ ಹೊತ್ತಿಗೆ ಡಾಕ್ಟರು ಹೊರಟುಹೋಗಿದ್ದರು. ಬೆನ್ನು ಪೂರ್ತಿ ಬಾಗಿತ್ತು. ತಾಂಡೂರಿನವರು ಇನ್ನೊಬ್ಬಳನ್ನು ತಂದುಕೊಂಡರು. ಮಗಳನ್ನು ಒಮ್ಮೆಯೂ ಕಳಿಸಲಿಲ್ಲ. ಕವಚ ಉಳಿದಿದ್ದರೆ ಏನಾಗುತ್ತಿತ್ತೋ ಯಾರಿಗೂ ತಿಳಿಯದು.

ಎಲ್ಲರೂ ಅಜ್ಜಿಯನ್ನೇ ದೂರಿದರು. ನಾನೂ ದೂರಿದೆ. ವಿಶ್ವವಿದ್ಯಾಲಯದ ಓದು ಮುಗಿಸಿ ಬಂದ ವರ್ಷವಷ್ಟೇ ಬೇರೆಯದೊಂದು ಹೊಳೆದು, ತೊಗರಿ ಹಸನು ಮಾಡುತ್ತಿದ್ದ ಚಿಕ್ಕವ್ವನನ್ನು ಕೇಳಿದೆ.

"ಅಷ್ಟು ದಿನ ಎದಿಗೆ ಒತ್ತತಿತ್ತಲ್ಲ ಚಿಕ್ಕವ್ವ, ನೋಯ್ತದ ಅಂತ ಒಮ್ಮಿನೂ ಯಾಕ ಅನ್ಲಿಲ್ಲ?"